ಕಣ್ಣಿಗೆ ಕಾಣದ ಕಂಪ್ಯೂಟರುಗಳ ಲೆಕ್ಕ

ಸರ್ವರ್ ಕೋಣೆಗೆ ಹೋಗಿ ನೋಡಿದರೆ ರ‍್ಯಾಕಿನಲ್ಲಿ ಹತ್ತು ಸರ್ವರ್ ಕಾಣಬಹುದು. ಅವುಗಳ ಒಳಗೆ ಇನ್ನೂರು ಕಂಪ್ಯೂಟರ್ ಓಡುತ್ತಿರಬಹುದು. ಈ ಇನ್ನೂರಕ್ಕೆ ಪೆಟ್ಟಿಗೆ ಇಲ್ಲ, ಸ್ಟಿಕ್ಕರ್ ಇಲ್ಲ, ಮಿನುಗುವ ದೀಪ ಇಲ್ಲ. ಪ್ರತಿಯೊಂದೂ ಡಿಸ್ಕಿನಲ್ಲಿ ಕೂತ ಕೆಲವು ಫೈಲುಗಳು, ಅಷ್ಟೇ. ಇವೇ ವರ್ಚುವಲ್ ಮೆಷಿನ್‌ಗಳು, ಚಿಕ್ಕದಾಗಿ ವಿಎಂ.

ಉಪಾಯ ಹಳೆಯದು. ಐಬಿಎಂ 1972ರಲ್ಲೇ ವಿಎಂ/370 ತಂದು, ಒಂದು ಮೇನ್‌ಫ್ರೇಮನ್ನೇ ಹಲವು ಕಂಪ್ಯೂಟರುಗಳಂತೆ ಕಾಣಿಸಿತ್ತು. ಸಾಧಾರಣ ಸರ್ವರುಗಳಿಗೆ ವಿಎಂವೇರ್ ಕಂಪನಿಯ ಇಎಸ್‌ಎಕ್ಸ್ ಎಂಬ ಇದೇ ಕೆಲಸದ ತಂತ್ರಾಂಶ ಬಂದದ್ದು 2001ರಲ್ಲಿ. 2007ರಲ್ಲಿ ಅಂಥದ್ದೇ ಆದ ಕೆವಿಎಂ, ಲಿನಕ್ಸಿನ ತಿರುಳಾದ ಕರ್ನಲ್‌ಗೇ ಸೇರಿತು. ಆಮೇಲೆ ಹೊಸ ಕಂಪ್ಯೂಟರ್ ಬೇಕೆಂದರೆ ನಾಲ್ಕು ಕ್ಲಿಕ್ ಸಾಕಾಯಿತು. ಕೊಟೇಶನ್ ಇಲ್ಲ, ಬಿಲ್ ಇಲ್ಲ. ಟೆಸ್ಟಿಂಗಿಗೆ ಅಂತ ಒಂದು ವಾರಕ್ಕೆ ಮಾಡಿದ್ದು ಮೂರು ವರ್ಷವಾದರೂ ಅಲ್ಲೇ ಇರುತ್ತದೆ. ಅಳಿಸುವ ಧೈರ್ಯ ಯಾರಿಗೂ ಇರುವುದಿಲ್ಲ.

ಹಾಗಾದರೆ ಎಣಿಸುವುದು ಹೇಗೆ? ವಿಎಂಗಳನ್ನು ಓಡಿಸುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಅಂತ ಹೆಸರು. ಯಾರಿಗೆ ಎಷ್ಟು ಪ್ರೊಸೆಸರ್, ಎಷ್ಟು ಮೆಮೊರಿ ಕೊಟ್ಟಿದ್ದೇನೆ ಅನ್ನುವುದು ಅದಕ್ಕೆ ಗೊತ್ತು. ಅದನ್ನೇ ಕೇಳಬೇಕು. ಒಂದೊಂದನ್ನೂ ತೆರೆದು ನೋಡಿ ಎಕ್ಸೆಲ್‌ಗೆ ಬರೆದುಕೊಳ್ಳುವವರು ಈಗಲೂ ಇದ್ದಾರೆ. ಇನ್ನೂರನೆಯದನ್ನು ಬರೆಯುವಷ್ಟರಲ್ಲಿ ಮೊದಲನೆಯದು ಬದಲಾಗಿರುತ್ತದೆ. ಈ ಕೆಲಸ ಸ್ಕ್ರಿಪ್ಟಿನದು, ಅಂದರೆ ಬರೆದಿಟ್ಟರೆ ತಾನಾಗಿ ಓಡುವ ಆದೇಶಗಳದು.

ವಿಎಂವೇರ್ ಇರುವ ಕಡೆ ಪವರ್‌ಸಿಎಲ್‌ಐ ಬಳಕೆ ಜಾಸ್ತಿ. ಮೈಕ್ರೋಸಾಫ್ಟಿನ ಆದೇಶ ಭಾಷೆಯಾದ ಪವರ್‌ಶೆಲ್‌ಗೆ ವಿಎಂವೇರ್ ಸೇರಿಸಿದ ಆದೇಶಗಳ ಗುಂಪು ಅದು. ಅದರಲ್ಲಿ ಸ್ಕ್ರಿಪ್ಟಿನ ಜೀವಾಳ ಒಂದೇ ಸಾಲು:

ಗೆಟ್-ವಿಎಂ | ಸೆಲೆಕ್ಟ್-ಆಬ್ಜೆಕ್ಟ್ ನೇಮ್, ಪವರ್‌ಸ್ಟೇಟ್, ನಮ್‌ಸಿಪಿಯು, ಮೆಮೊರಿಜಿಬಿ | ಎಕ್ಸ್‌ಪೋರ್ಟ್-ಸಿಎಸ್‌ವಿ

ಮೊದಲ ತುಂಡು ಎಲ್ಲ ವಿಎಂಗಳನ್ನೂ ಕರೆಯುತ್ತದೆ. ನಡುವಿನದು ನಮಗೆ ಬೇಕಾದ ಕಾಲಂಗಳನ್ನು ಆರಿಸುತ್ತದೆ. ಕೊನೆಯದು ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸಿಎಸ್‌ವಿ ಫೈಲಿಗೆ ಬರೆಯುತ್ತದೆ. ಇಲ್ಲಿ ನಡುವಿನ ನಿಂತ ಗೆರೆ ದಾಟಿ ತುಂಡಿನಿಂದ ತುಂಡಿಗೆ ಹರಿಯುವುದು ಬರೀ ಅಕ್ಷರಗಳಲ್ಲ, ಇಡೀ ವಸ್ತು: ಹೆಸರು ಬೇರೆ, ಮೆಮೊರಿ ಬೇರೆ ಅಂತ ಗುರುತು ಉಳಿದಿರುತ್ತದೆ. ಕೆವಿಎಂ ಕಡೆ 'ವರ್ಶ್ ಲಿಸ್ಟ್' ಅಂತ ಕೇಳಿದರೆ ಬರುವುದು ಸಾದಾ ಪಠ್ಯ, ಅದನ್ನು ನಾವೇ ಕತ್ತರಿಸಬೇಕು. ಅಲ್ಲೇ ಇನ್ನೊಂದು ಸಂಗತಿ. 'ಆಲ್' ಅನ್ನುವ ಆಯ್ಕೆ ಸೇರಿಸದಿದ್ದರೆ ಅದು ಓಡುತ್ತಿರುವ ವಿಎಂಗಳನ್ನು ಮಾತ್ರ ಹೇಳುತ್ತದೆ. ಆಫ್ ಆಗಿ ಡಿಸ್ಕ್ ತಿನ್ನುತ್ತಾ ಕೂತವು ಪಟ್ಟಿಗೇ ಬರುವುದಿಲ್ಲ. ನಾವು ಹುಡುಕುತ್ತಿದ್ದುದೇ ಅವನ್ನು, ಅಲ್ವಾ?

ಸಾಲು ಬರೆಯುವುದು ಸುಲಭ. ಕಾಲಂ ಆರಿಸುವುದರಲ್ಲಿ ತಲೆ ಓಡಿಸಬೇಕು. ಡಿಸ್ಕ್ ಜಾಗವನ್ನೇ ನೋಡಿ. ಒಂದು ವಿಎಂಗೆ 100 ಜಿಬಿ ಡಿಸ್ಕ್ ಕೊಟ್ಟಿದ್ದೇವೆ ಅಂತಿಟ್ಟುಕೊಳ್ಳಿ. ಥಿನ್ ಪ್ರಾವಿಷನಿಂಗ್ (ಬರೆದಷ್ಟಕ್ಕೆ ಮಾತ್ರ ಜಾಗ ಹಿಡಿಯುವ ಪದ್ಧತಿ) ಇದ್ದರೆ ಅದು ನಿಜಕ್ಕೂ ಹಿಡಿದಿರುವುದು 18 ಜಿಬಿ ಇರಬಹುದು. ಒಳಗಿರುವ ಆಪರೇಟಿಂಗ್ ಸಿಸ್ಟಮ್ ಮಾತ್ರ ತನಗೆ ನೂರೂ ಸಿಕ್ಕಿದೆ ಅಂತಲೇ ನಂಬಿರುತ್ತದೆ. ರಿಪೋರ್ಟಿನಲ್ಲಿ ಬರೀ ಕೊಟ್ಟ ಲೆಕ್ಕ ಹಾಕಿದರೆ, ಒಟ್ಟು ಮೊತ್ತ ಇರುವ ಸ್ಟೋರೇಜನ್ನೇ ಮೀರಿ ನೋಡಿದವರು ಗಾಬರಿಯಾಗುತ್ತಾರೆ. ಬರೀ ಬಳಸಿದ ಲೆಕ್ಕ ಹಾಕಿದರೆ ಜಾಗ ಬೇಕಾದಷ್ಟಿದೆ ಅಂತ ನೆಮ್ಮದಿಯಾಗಿರುತ್ತಾರೆ, ಎಲ್ಲ ವಿಎಂಗಳೂ ಒಟ್ಟಿಗೆ ಬೆಳೆಯುವ ತನಕ. ಎರಡೂ ಕಾಲಂ ಬೇಕು.

ಆಪರೇಟಿಂಗ್ ಸಿಸ್ಟಮ್ ಹೆಸರೂ ಹೀಗೇ. ವಿಎಂ ಮಾಡುವಾಗ ಆರಿಸಿದ ಹೆಸರು ಒಂದು, ಒಳಗೆ ಈಗ ನಿಜಕ್ಕೂ ಓಡುತ್ತಿರುವುದು ಇನ್ನೊಂದು. ವಿಂಡೋಸ್ ಸರ್ವರ್ 2012 ಅಂತ ಶುರುವಾಗಿ ಆಮೇಲೆ 2019ಕ್ಕೆ ಅಪ್‌ಗ್ರೇಡ್ ಆದದ್ದು, ಸೆಟ್ಟಿಂಗಿನಲ್ಲಿ ಇನ್ನೂ 2012 ಅಂತಲೇ ಉಳಿದಿರಬಹುದು. ಒಳಗಿನ ಸುದ್ದಿ ಬೇಕೆಂದರೆ ವಿಎಂ ಒಳಗೆ ವಿಎಂವೇರ್ ಟೂಲ್ಸ್ ಅನ್ನುವ ಸಹಾಯಕ ತಂತ್ರಾಂಶ ಓಡುತ್ತಿರಬೇಕು. ಅದಿಲ್ಲದಿದ್ದರೆ ಐಪಿ ವಿಳಾಸದ ಕಾಲಂ ಖಾಲಿ. ಖಾಲಿ ಬಿಟ್ಟಿರುವುದೂ ಒಂದು ಮಾಹಿತಿಯೇ. ಚೆಂದ ಕಾಣಲಿ ಅಂತ ಅಂಥ ಸಾಲುಗಳನ್ನು ಅಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇನ್ನು ಪವರ್‌ಶೆಲ್ ಕಲಿಯುವವರೆಲ್ಲ ಒಮ್ಮೆಯಾದರೂ ನೋಡಿ ತಲೆ ಕೆರೆದುಕೊಳ್ಳುವ ಒಂದು ಪದ ಇದೆ. ಒಂದು ವಿಎಂಗೆ ಎರಡು ಐಪಿ ವಿಳಾಸ ಇದ್ದರೆ, ಸಿಎಸ್‌ವಿ ಫೈಲಿನ ಆ ಖಾನೆಯಲ್ಲಿ ವಿಳಾಸದ ಬದಲು 'ಸಿಸ್ಟಮ್.ಸ್ಟ್ರಿಂಗ್[]' ಅಂತ ಕೂತಿರುತ್ತದೆ. ಒಂದು ಖಾನೆಯಲ್ಲಿ ಪಟ್ಟಿಯನ್ನು ಹೇಗೆ ಇಡಬೇಕೆಂದು ಗೊತ್ತಾಗದೆ ಎಕ್ಸ್‌ಪೋರ್ಟ್-ಸಿಎಸ್‌ವಿ ಆ ಪಟ್ಟಿಯ ಜಾತಿಯನ್ನಷ್ಟೇ ಬರೆದಿದೆ. ಜಾಯಿನ್ ಬಳಸಿ ವಿಳಾಸಗಳನ್ನು ಮೊದಲೇ ಒಂದೇ ಸಾಲಾಗಿ ಹೆಣೆದು ಕೊಟ್ಟರೆ ಮುಗಿಯಿತು.

ಸ್ನ್ಯಾಪ್‌ಶಾಟ್ ಕಾಲಂ ಅಂತೂ ಬಿಡಲೇಬಾರದು. ಬೇಕಾದರೆ ಹಿಂದಿರುಗಲು ವಿಎಂನ ಆ ಕ್ಷಣದ ಸ್ಥಿತಿಯನ್ನು ಉಳಿಸಿಡುವುದೇ ಸ್ನ್ಯಾಪ್‌ಶಾಟ್. ಅಪ್‌ಡೇಟ್ ಹಾಕುವ ಮುಂಚೆ ಸ್ನ್ಯಾಪ್‌ಶಾಟ್ ತೆಗೆದರೆ ಮೂಲ ಡಿಸ್ಕ್ ಅಲ್ಲಿಗೇ ನಿಲ್ಲುತ್ತದೆ. ಮುಂದಿನ ಬರಹವೆಲ್ಲ ಇನ್ನೊಂದು ಫೈಲಿಗೆ ಹೋಗುತ್ತದೆ. ಆ ಫೈಲು ಬೆಳೆಯುತ್ತಾ ಬೆಳೆಯುತ್ತಾ ಮೂಲ ಡಿಸ್ಕಿನಷ್ಟೇ ಆಗಬಹುದು. ಒಂದು ಸ್ನ್ಯಾಪ್‌ಶಾಟನ್ನು 72 ಗಂಟೆಗಿಂತ ಜಾಸ್ತಿ ಇಡಬೇಡಿ ಅನ್ನುವುದು ವಿಎಂವೇರ್ ಸಲಹೆ. ತೆಗೆದ ತಾರೀಕು, ಗಾತ್ರ ಎರಡನ್ನೂ ರಿಪೋರ್ಟಿಗೆ ಹಾಕಿ ಹಳೆಯದನ್ನು ಮೇಲೆ ಬರುವಂತೆ ಜೋಡಿಸಿ. ಮೊದಲ ದಿನವೇ ಪ್ರಯೋಜನ ಗೊತ್ತಾಗುತ್ತದೆ.

ಸ್ಕ್ರಿಪ್ಟಿಗೆ ಬರೀ ಓದುವ ಅನುಮತಿ ಇರುವ ಖಾತೆ ಕೊಡಿ. ಲೆಕ್ಕ ಬರೆಯುವವರಿಗೆ ಅಳಿಸುವ ಅಧಿಕಾರ ಯಾಕೆ?

ಒಂದು ರಿಪೋರ್ಟಿಗಿಂತ ಎರಡು ರಿಪೋರ್ಟು ಹೆಚ್ಚು ಹೇಳುತ್ತವೆ. ಹೋದ ವಾರದ್ದನ್ನೂ ಈ ವಾರದ್ದನ್ನೂ ಪಕ್ಕಪಕ್ಕ ಇಟ್ಟರೆ ಹೊಸದಾಗಿ ಬಂದದ್ದು, ಸದ್ದಿಲ್ಲದೆ ಹೋದದ್ದು, ರಾತ್ರೋರಾತ್ರಿ ಮೆಮೊರಿ ದುಪ್ಪಟ್ಟಾದದ್ದು ಎಲ್ಲ ಕಾಣುತ್ತದೆ. ಆದರೆ ಹೆಸರು ಹಿಡಿದು ಹೋಲಿಸಬೇಡಿ. ಹೆಸರನ್ನು ಯಾರು ಬೇಕಾದರೂ ಬದಲಿಸಬಹುದು. ಇನ್‌ಸ್ಟನ್ಸ್ ಯುಯುಐಡಿ ಅನ್ನುವ ಉದ್ದನೆಯ ಗುರುತು ಇದೆ, ಹೋಲಿಕೆಗೆ ಅದೇ ಸರಿ.

ಇಷ್ಟೆಲ್ಲ ಆದರೂ ಹೈಪರ್‌ವೈಸರ್‌ಗೆ ಒಂದು ವಿಷಯ ಗೊತ್ತೇ ಇಲ್ಲ: ಈ ವಿಎಂ ಯಾರದು, ಯಾತಕ್ಕೆ? ಅದನ್ನು ಮನುಷ್ಯರೇ ನೋಟ್ಸ್‌ನಲ್ಲೋ ಟ್ಯಾಗ್‌ನಲ್ಲೋ ಬರೆಯಬೇಕು, ಸಾಮಾನ್ಯವಾಗಿ ಬರೆದಿರುವುದಿಲ್ಲ. ಆಗ ಉಳಿಯುವ ದಾರಿಗೆ ಈ ಕೆಲಸದವರು ಸ್ಕ್ರೀಮ್ ಟೆಸ್ಟ್ ಅನ್ನುತ್ತಾರೆ. ಅಂದರೆ ಆಫ್ ಮಾಡಿ, ಯಾರು ಕೂಗುತ್ತಾರೆ ನೋಡುವುದು. ನೆಟ್‌ವರ್ಕ್ ಕಾರ್ಡನ್ನು ಮಾತ್ರ ಕಳಚಿದರೆ ಇನ್ನೂ ವಾಸಿ, ಫೋನ್ ಬಂದ ಕೂಡಲೇ ಮತ್ತೆ ಜೋಡಿಸಬಹುದು. ಎರಡು ದಿನ ಯಾರೂ ಕೂಗಲಿಲ್ಲ ಅಂತ ಅಳಿಸಿಬಿಡಬೇಡಿ. ತಿಂಗಳ ಕೊನೆಗೆ ಮಾತ್ರ ಕೆಲಸ ಮಾಡುವ ವಿಎಂಗಳು ಇರುತ್ತವೆ, ವರ್ಷಕ್ಕೊಮ್ಮೆ ಮಾತ್ರ ಬೇಕಾಗುವವೂ ಇರುತ್ತವೆ.