ಕಟಾಫ್ ಜಾಸ್ತಿ ಇದ್ದರೆ ಸಂಬಳವೂ ಜಾಸ್ತಿನಾ?

ಸೀಟಿನ ಬಗ್ಗೆ ಸಲಹೆ ಕೇಳಲು ನನ್ನ ಹತ್ತಿರ ಬರುವ ಪೋಷಕರು ಎರಡು ಅಂಕಿ ಹಿಡಿದುಕೊಂಡೇ ಬರುತ್ತಾರೆ. ಹೋದ ವರ್ಷ ಆ ಕಾಲೇಜಿನಲ್ಲಿ ಎಷ್ಟನೇ ರ‍್ಯಾಂಕಿಗೆ ಸೀಟು ಮುಗಿಯಿತು ಅನ್ನೋದು (ಕಟಾಫ್) ಒಂದು, ಅಲ್ಲಿ ಓದಿದವರಿಗೆ ಸಿಕ್ಕ ವರ್ಷದ ಸಂಬಳ, ಅಂದರೆ ಪ್ಯಾಕೇಜ್ ಇನ್ನೊಂದು. ಸೀಟು ಸಿಗೋದು ಕಷ್ಟವಾದಷ್ಟೂ ಮುಂದೆ ಸಂಬಳ ಜಾಸ್ತಿ ಅನ್ನುವುದು ಅವರ ಲೆಕ್ಕ. ಮೇಲ್ನೋಟಕ್ಕೆ ಹಾಗೇ ಕಾಣುತ್ತದೆ ಕೂಡ. ಆದರೆ ಚುರುಕಾದ ಮಕ್ಕಳನ್ನೇ ಆರಿಸಿಕೊಂಡ ಕಾಲೇಜಿನಿಂದ ಚೆನ್ನಾಗಿ ದುಡಿಯುವವರು ಹೊರಗೆ ಬಂದರೆ, ಅದರಲ್ಲಿ ಕಾಲೇಜಿನ ಪಾಲೆಷ್ಟು, ಮಕ್ಕಳ ಪಾಲೆಷ್ಟು?

ಇದನ್ನು ಬಿಡಿಸಲು ಅರ್ಥಶಾಸ್ತ್ರಜ್ಞರು ಗಡಿಯಲ್ಲಿ ನಿಂತವರನ್ನು ನೋಡುತ್ತಾರೆ. ಕಟಾಫ್‌ಗಿಂತ ಕೂದಲೆಳೆಯಷ್ಟು ಮೇಲಿದ್ದು ಒಳಗೆ ಹೋದವರು, ಅಷ್ಟೇ ಕೆಳಗಿದ್ದು ಹೊರಗೆ ಉಳಿದವರು. ಓದಿನಲ್ಲಿ ಇವರ ನಡುವೆ ಅಂಥ ವ್ಯತ್ಯಾಸ ಏನಿರುತ್ತೆ ಹೇಳಿ?

ಅಮೆರಿಕದ ಮಯಾಮಿಯಲ್ಲಿ ಫ್ಲೋರಿಡಾ ಇಂಟರ್‌ನ್ಯಾಷನಲ್ ಯೂನಿವರ್ಸಿಟಿ ಅಂತ ಒಂದು ಸರ್ಕಾರಿ ವಿಶ್ವವಿದ್ಯಾಲಯ ಇದೆ. ನಾನು ಹೇಳಹೊರಟ ಅಧ್ಯಯನದ ಮಕ್ಕಳು ಅರ್ಜಿ ಹಾಕಿದ ಕಾಲಕ್ಕೆ ಅಲ್ಲಿ ಪ್ರವೇಶ ಅಷ್ಟೇನೂ ಬಿಗಿ ಇರಲಿಲ್ಲ. ಆದರೂ ಹೈಸ್ಕೂಲ್ ಗ್ರೇಡಿಗೆ ಒಂದು ಗೆರೆ ಇತ್ತು. ಅರ್ಥಶಾಸ್ತ್ರಜ್ಞ ಸೇತ್ ಜಿಮ್ಮರ್‌ಮನ್ ಆ ಗೆರೆಯ ಆಚೆ ಈಚೆ ಇದ್ದವರ ಗಳಿಕೆಯನ್ನು ವರ್ಷಗಟ್ಟಲೆ ಹಿಂಬಾಲಿಸಿ, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೈಸ್ಕೂಲ್ ಮುಗಿದ 8ರಿಂದ 14 ವರ್ಷಗಳ ಅವಧಿಯಲ್ಲಿ, ಸ್ವಲ್ಪದರಲ್ಲಿ ಸೀಟು ದಕ್ಕಿಸಿಕೊಂಡವರ ಗಳಿಕೆ 22% ಜಾಸ್ತಿ. ಓದಿನ ಖರ್ಚು ಕಳೆದರೂ ಲಾಭವೇ. ಶಾಲೆಯಲ್ಲಿ ಉಚಿತ ಊಟ ಪಡೆಯುತ್ತಿದ್ದ ಮಕ್ಕಳಿಗೆ (ಅಲ್ಲಿ ಅದು ಎಲ್ಲರಿಗೂ ಅಲ್ಲ, ಬಡವರಿಗೆ) ಲಾಭ ಇನ್ನೂ ಹೆಚ್ಚು. ಗೆರೆಯ ಕೆಳಗೆ ಉಳಿದವರಲ್ಲಿ ಬಹಳ ಜನ ಬೇರೆ ಯಾವ ವಿಶ್ವವಿದ್ಯಾಲಯಕ್ಕೂ ಹೋಗಲಿಲ್ಲ, ಗಮನಿಸಬೇಕಾದ್ದು ಇದು.

ಈಗ ಇನ್ನೊಂದು ತುದಿ, ಅಂದರೆ ಪ್ರವೇಶ ಬಿಗಿ ಇರುವ ಕಾಲೇಜುಗಳನ್ನು ನೋಡಿ. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎಂಬ ಸಂಶೋಧಕರು ಅಮೆರಿಕದಲ್ಲೇ 1976ರಲ್ಲಿ ಕಾಲೇಜು ಸೇರಿದವರನ್ನು ಹೋಲಿಸಿದ್ದರು. ಒಂದೇ ಬಗೆಯ ಕಾಲೇಜುಗಳಲ್ಲಿ ಸೀಟು ಸಿಕ್ಕಿದವರಲ್ಲಿ, ಬಿಗಿ ಇದ್ದ ಕಡೆ ಹೋದವರಿಗೂ ಅದನ್ನು ಬಿಟ್ಟು ಬೇರೆಡೆ ಹೋದವರಿಗೂ ಮುಂದೆ ಸಂಬಳದಲ್ಲಿ ಹೆಚ್ಚೇನೂ ಫರಕು ಇರಲಿಲ್ಲ. ಬಡ ಮನೆಯ ಮಕ್ಕಳಿಗೆ ಮಾತ್ರ ಫರಕು ಬಿತ್ತು. ಹಾಗಂತ ಬಿಗಿ ಕಾಲೇಜಿನಿಂದ ಏನೂ ಇಲ್ಲ ಅಂತಲೂ ಹೇಳಲಾಗದು. ಅಲ್ಲಿನ ಒಂದು ರಾಜ್ಯದ ಪ್ರಮುಖ ವಿಶ್ವವಿದ್ಯಾಲಯದ ಗಡಿಯಲ್ಲಿದ್ದ ಬಿಳಿಯ ಗಂಡಸರ ಮೇಲೆ 2009ರಲ್ಲಿ ಬಂದ ಅಧ್ಯಯನದಲ್ಲಿ ಒಳಗೆ ಹೋದವರ ಗಳಿಕೆಯಲ್ಲಿ ಸುಮಾರು 20% ಹೆಚ್ಚಳ ಕಂಡಿತ್ತು.

ಹಾಗಾಗಿ ನಾನು ಪೋಷಕರನ್ನು ಮೊದಲು ಕೇಳುವುದು, ‘ಈ ಸೀಟು ಬಿಟ್ಟರೆ ನಿಮ್ಮ ಮಗಳ ಕೈಲಿ ಇನ್ನೇನಿದೆ?’ ಅಂತ. ಹತ್ತಿರದ ಸರ್ಕಾರಿ ಕಾಲೇಜಿನ ಸೀಟಿಗೂ ಮನೆಯಲ್ಲಿ ಕೂರುವುದಕ್ಕೂ ಇರುವ ಅಂತರದ ಮುಂದೆ, ಎರಡು ಕಾಲೇಜುಗಳ ಕಟಾಫ್ ನಡುವಿನ ಅಂತರ ಬಹಳ ಸಲ ಸಣ್ಣದು.

ಇನ್ನು ಪ್ಯಾಕೇಜ್. ಕೇಂದ್ರ ಸರ್ಕಾರದ ಕಾಲೇಜು ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್‌ಗೆ ಕಾಲೇಜುಗಳು ಕೊಡುವ ಮಾಹಿತಿಯಲ್ಲಿ ಮಧ್ಯಮ ಸಂಬಳ ಅಂತ ಒಂದು ಕಾಲಂ ಇರುತ್ತದೆ. ಅದು ಕೆಲಸ ಸಿಕ್ಕವರದ್ದು ಮಾತ್ರ. 120 ಜನರಲ್ಲಿ 40 ಜನಕ್ಕೆ ಕೆಲಸ ಸಿಕ್ಕಿದ್ದರೆ ಅದು ಆ 40 ಜನರನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದಾಗ ನಟ್ಟ ನಡುವೆ ಬರುವ ಸಂಬಳ, ಉಳಿದ 80 ಜನ ಅದರಲ್ಲಿ ಇಲ್ಲವೇ ಇಲ್ಲ. ಅದೇ ಸಾಲಿನಲ್ಲಿ ಎಷ್ಟು ಜನ ಸೇರಿದರು, ಎಷ್ಟು ಜನ ಸರಿಯಾದ ಸಮಯಕ್ಕೆ ಪಾಸಾದರು, ಎಷ್ಟು ಜನ ಮುಂದೆ ಓದಲು ಹೋದರು ಅನ್ನುವುದೂ ಇರುತ್ತದೆ. ಸಂಬಳದ ಕಾಲಂಗೆ ಹೋಗುವ ಮೊದಲು ಅವನ್ನು ನೋಡಿ.