ದಿಗಿಲು: ಏನೂ ನಡೆಯದ ಮನೆಯ ಹೆದರಿಕೆಗೆ ಇರುವ ಮಾತು

ದಾವಣಗೆರೆಯಲ್ಲಿ ನಾವು ಏಳೆಂಟು ಮಂದಿ ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ, ಮಂಡಕ್ಕಿ ಮೆಣಸಿನಕಾಯಿ ಮುಗಿಸಿ, ಓದಿದ ಪುಸ್ತಕದ ಮೇಲೆ ಮಾತಾಡುತ್ತೇವೆ. ಕಳೆದ ಮಳೆಗಾಲದಲ್ಲಿ ದೆವ್ವದ ಮನೆಯ ಕಾದಂಬರಿಗಳನ್ನೇ ಓದಬೇಕೆಂದು ನಿಶ್ಚಯವಾಗಿತ್ತು. ಮೊದಲ ಪುಸ್ತಕದ ದಿನವೇ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು, “ಮುನ್ನೂರು ಪುಟ ಓದಿದೆ, ಒಂದು ದೆವ್ವಾನೂ ಬರ್ಲಿಲ್ಲ ನೋಡ್ರಿ” ಎಂದು ಪುಸ್ತಕವನ್ನು ಮೇಜಿನ ಮೇಲಿಟ್ಟರು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ನರ್ಸ್ ಒಬ್ಬರು, “ಬರ್ಲಿಲ್ಲ ಅಂತಾನೇ ನನಗೆ ನಿದ್ದಿ ಬರ್ಲಿಲ್ಲ ಸರ್, ಬಂದಿದ್ರೆ ನೋಡಿ ಮಲಗ್ತಿದ್ದೆ” ಎಂದರು. ಇಬ್ಬರೂ ಹೇಳಿದ್ದು ಒಂದೇ ಪುಸ್ತಕದ ಒಂದೇ ಗುಣವನ್ನು. ಒಬ್ಬರು ಹೆದರಿಕೆಯನ್ನು ಬಯಸಿ ಕೂತಿದ್ದರು, ಇನ್ನೊಬ್ಬರಿಗೆ ದಿಗಿಲು ಸಿಕ್ಕಿತ್ತು. ಈ ಬಗೆಯ ಕಾದಂಬರಿಗಳ ಬಗ್ಗೆ ಓದುಗರ ನಡುವೆ ನಡೆಯುವ ಜಗಳಗಳಲ್ಲಿ ಹೆಚ್ಚಿನವು ಈ ಎರಡು ಮಾತುಗಳ ನಡುವಿನ ಅಂತರದಲ್ಲೇ ಹುಟ್ಟುತ್ತವೆ ಎಂಬುದು ನನ್ನ ಎಣಿಕೆ. ಆದ್ದರಿಂದ ದಿಗಿಲು ಎಂಬ ಪದವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕಾಗಿದೆ.

‘ಹೆದರು’ ಎಂಬ ಕ್ರಿಯಾಪದವು ಯಾವುದಕ್ಕೆ, ಯಾರಿಗೆ ಎಂಬ ಪ್ರಶ್ನೆಯನ್ನು ಜೊತೆಯಲ್ಲೇ ಕಟ್ಟಿಕೊಂಡು ಬರುತ್ತದೆ. ಹಾವಿಗೆ ಹೆದರಿದೆ, ಮೇಷ್ಟರಿಗೆ ಹೆದರಿದೆ, ಸಾಲ ಕೊಟ್ಟವನಿಗೆ ಹೆದರಿದೆ ಎನ್ನುತ್ತೇವೆ. ಅದೇ ಜಾಗಕ್ಕೆ ದಿಗಿಲನ್ನು ತಂದು ‘ಹಾವಿಗೆ ದಿಗಿಲಾಯಿತು’ ಎಂದರೆ, ಪಾಪ, ದಿಗಿಲಾದದ್ದು ಹಾವಿಗೇ ಎಂದಾಗುತ್ತದೆ. ‘ಭಯ’ಕ್ಕೂ ಈ ತೊಡಕು ಉಂಟಾದರೂ ಕಳ್ಳರ ಭಯ, ಪರೀಕ್ಷೆಯ ಭಯ ಎಂದು ಕಾರಣವನ್ನು ಅದರ ಮುಂದೆ ಕಟ್ಟಿಬಿಡಬಹುದು; ‘ಪರೀಕ್ಷೆಯ ದಿಗಿಲು’ ಎಂಬುದು ಕಿವಿಗೆ ಅಷ್ಟು ಸಲೀಸಾಗಿ ಒಗ್ಗುವುದಿಲ್ಲ. ದಿಗಿಲಿನ ಮುಂದೆ ಸಹಜವಾಗಿ ಬಂದು ನಿಲ್ಲುವ ಮಾತು ‘ಯಾಕೋ’ ಅಥವಾ ‘ಏನೋ’. ‘ಯಾಕೋ ದಿಗಿಲಾಗ್ತಿದೆ’ ಎನ್ನುವವರನ್ನು ಯಾತಕ್ಕೆ ಎಂದು ಕೇಳಿದರೆ ಅವರ ಬಳಿ ಉತ್ತರವಿರುವುದಿಲ್ಲ, ಉತ್ತರವಿದ್ದಿದ್ದರೆ ಅವರು ಬೇರೆ ಪದವನ್ನೇ ಬಳಸುತ್ತಿದ್ದರು. ‘ದಿಗಿಲು ಬಿದ್ದು ಓಡಿದ’ ಎಂಬ ಬಳಕೆಯೂ ಇದೆಯಾದರೂ ಅಲ್ಲಿ ಅದು ಗಾಬರಿಯ ನೆರೆಯದು. ಗಾಬರಿಗೆ ಕಾಲಿದೆ, ಅದು ಓಡಿಸುತ್ತದೆ. ಇಲ್ಲಿ ಹೇಳುತ್ತಿರುವ ದಿಗಿಲು ಎದೆಯಲ್ಲಿ ಕೂರುವಂಥದ್ದು.

ಈ ದಿಗಿಲನ್ನು ನಾನು ಮೊದಲು ಕಲಿತದ್ದು ಪುಸ್ತಕದಿಂದಲ್ಲ. ಚಿತ್ರದುರ್ಗ ಜಿಲ್ಲೆಯ ನಮ್ಮ ಅಜ್ಜನ ಮನೆಯ ಅಂಗಳದಲ್ಲಿ ಒಂದು ಹಗೇವು ಇತ್ತು. ಹಗೇವು ಎಂದರೆ ಗಟ್ಟಿ ನೆಲದಲ್ಲಿ ತೋಡಿದ, ಬಾಯಿ ಕಿರಿದಾಗಿ ಒಳಗೆ ಅಗಲವಾಗಿ ಇಳಿಯುವ, ರಾಗಿ ಜೋಳಗಳನ್ನು ತುಂಬಿಡುವ ಗುಂಡಿ. ಒಳಗೋಡೆಗೆ ಹುಲ್ಲು ಒತ್ತಿ, ಕಾಳು ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಹಾಕಿ, ಸಂದಿಗೆ ಮಣ್ಣು ಮೆತ್ತಿದರೆ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಅಂಗಳದಲ್ಲಿ ಎಲ್ಲಿ ಓಡಿದರೂ ಕಾಲಸಪ್ಪಳ ಒಂದೇ ಬಗೆಯದು, ಆ ಚಪ್ಪಡಿಯ ಮೇಲೆ ಮಾತ್ರ ಅದು ಒಳಗಿನಿಂದ ಯಾರೋ ಹಿಂದಿರುಗಿಸಿದಂತೆ ‘ಧಂ’ ಎಂದು ಬರುತ್ತಿತ್ತು. ಹಗೇವು ತೆಗೆಯುವ ದಿನ ಚಪ್ಪಡಿ ಸರಿಸಿ, ಗಂಟೆಗಟ್ಟಲೆ ಹಾಗೇ ಬಿಟ್ಟು, ಆಮೇಲೆ ಹಗ್ಗಕ್ಕೆ ಕಟ್ಟಿದ ಲಾಂದ್ರವನ್ನು ಒಳಗಿಳಿಸುತ್ತಿದ್ದರು. ದೀಪ ಉರಿಯುತ್ತಿದ್ದರೆ ಆಳು ಇಳಿಯುತ್ತಿದ್ದ. ಒಮ್ಮೆ ನಾನು ನೋಡುತ್ತಿದ್ದಂತೆಯೇ ದೀಪ ಕುಗ್ಗಿ, ನೀಲಿಯಾಗಿ, ಗಾಳಿ ಅಲುಗದೆಯೇ ನಂದಿತು. ಅಜ್ಜಿ ಅವಸರವಿಲ್ಲದೆ, “ಇನ್ನೊಂದೀಟು ಹೊತ್ತು ಬಿಡ್ರಿ” ಎಂದರು. ಕಾಳು ಉಸಿರಾಡಿ ಒಳಗಿನ ಆಮ್ಲಜನಕವನ್ನು ತೀರಿಸಿರುತ್ತದೆ, ಅದು ಬಿಟ್ಟ ಇಂಗಾಲದ ಡೈ ಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ಗುಂಡಿಯಲ್ಲೇ ನಿಂತಿರುತ್ತದೆ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ತಿಳಿದ ಮೇಲೆ ಇಂಗಾಲದ ಡೈ ಆಕ್ಸೈಡಿಗೆ ಹೆದರುವುದನ್ನು ಕಲಿತೆ. ಆ ದಿನದ್ದು ಹೆದರಿಕೆಯಲ್ಲ. ನಾವು ದಿನವೂ ಕುಂಟೆಬಿಲ್ಲೆ ಆಡುವ ಅಂಗಳದ ಕೆಳಗೆ, ದೀಪ ನಿಲ್ಲದ ಒಂದು ಕೋಣೆ ಇಷ್ಟು ದಿನವೂ ಇತ್ತು ಎಂಬ ಅರಿವು.

ಓದುಗರು ‘ವಾತಾವರಣ ಚೆನ್ನಾಗಿದೆ’ ಎಂದು ಮೆಚ್ಚುವ ದೆವ್ವದ ಮನೆಯ ಕಾದಂಬರಿ ಮಾಡುವ ಕೆಲಸ ಇದೇ ಆಗಿರುತ್ತದೆ. ಅದು ಹೊಸದೊಂದನ್ನು ಮನೆಯೊಳಕ್ಕೆ ಕಳಿಸುವುದಕ್ಕಿಂತ ಇರುವ ಮನೆಯ ಸಪ್ಪಳವನ್ನು ಒಂದು ಕಡೆ ಬದಲಿಸುತ್ತದೆ. ನಮ್ಮ ಗುಂಪಿನ ಕಾಲೇಜು ಹುಡುಗಿಯೊಬ್ಬಳು, ಮಂಜು ಮತ್ತು ಹಿಮದ ವರ್ಣನೆಗಳು ತನಗೆ ಏನನ್ನೂ ಮಾಡಲಿಲ್ಲವೆಂದೂ, ಮೊದಲ ಅಧ್ಯಾಯದಲ್ಲಿ ಆರು ಹೆಜ್ಜೆಯಿದ್ದ ಮೊಗಸಾಲೆ ನೂರು ಪುಟದ ನಂತರ ಏಳು ಹೆಜ್ಜೆಯಾದಾಗ ಮಾತ್ರ ಪುಸ್ತಕ ಮುಚ್ಚಿ ತಮ್ಮ ಮನೆಯ ಪಡಸಾಲೆಯನ್ನು ಅಳೆದು ಬಂದಳೆಂದೂ ಹೇಳಿದಳು. ಏಪ್ರಿಲಿನ ದಾವಣಗೆರೆಯಲ್ಲಿ ಓದುವವರಿಗೆ ಮಂಜು ಬರಿಯ ಮಾತು. ಹೆಜ್ಜೆಯ ಲೆಕ್ಕ ಎಲ್ಲರದೂ. ಮಾಳಿಗೆ ಮನೆಯಲ್ಲಿ ಬೆಳೆದವರಿಗಂತೂ ರಾತ್ರಿ ತಣಿದ ಜಂತೆ ‘ಟಕ್’ ಎನ್ನುವುದು, ಮೇಲಿನ ಮಣ್ಣು ಒಂದೊಂದೇ ಹರಳಾಗಿ ಹಾಸಿಗೆಯ ಮೇಲೆ ಉದುರುವುದು, ಬೆಳಕಿಂಡಿಯ ಚೌಕ ಗೋಡೆಯ ಮೇಲೆ ಸರಿಯುವುದು ಹೇಳಿಕೊಡಬೇಕಾದ ಸಂಗತಿಗಳೇ ಅಲ್ಲ.

ಇಲ್ಲಿ ಕನ್ನಡ ಒಂದು ಉಪಕಾರವನ್ನು ಮಾಡಿಟ್ಟಿದೆ. ಜನರಿಲ್ಲದ ಮನೆಯನ್ನು ನಾವು ‘ಬಿಕೋ ಎನ್ನುತ್ತಿದೆ’ ಎನ್ನುತ್ತೇವೆ, ಕತ್ತಲು ‘ಗವ್ ಎನ್ನುತ್ತದೆ’, ಮದುವೆ ಮುಗಿದ ಮರುದಿನದ ಮನೆ ‘ಭಣಭಣ’ ಎನ್ನುತ್ತದೆ, ಒಬ್ಬರೇ ಇರುವಾಗ ಮನೆ ‘ತಿನ್ನಾಕ ಬಂದಂಗೆ’ ಆಗುತ್ತದೆ. ಈ ವಾಕ್ಯಗಳಲ್ಲಿ ಕರ್ತೃಪದ ಮನೆ, ಅನ್ನುವುದು ಮನೆ, ತಿನ್ನಲು ಬರುವುದೂ ಮನೆ. ಬರಿದಾದ ಕಟ್ಟಡಕ್ಕೆ ಬಾಯಿ ಕೊಡಲು ಬೇರೆಡೆಯ ಕಾದಂಬರಿಕಾರ ಪುಟಗಟ್ಟಲೆ ಬೆವರು ಸುರಿಸಬೇಕಾದದ್ದನ್ನು ನಮ್ಮ ಮನೆಯ ಹೆಂಗಸರು ಊರಿಗೆ ಹೋದವರು ಬಂದಿಲ್ಲವೆಂದು ಹೇಳುವಾಗಲೇ ಮುಗಿಸಿರುತ್ತಾರೆ. ಹೀಗಿದ್ದೂ ಕನ್ನಡದಲ್ಲಿ ಈ ಬಗೆಯ ಕಥೆ ಬರೆಯುವ ಹೊಸಬರು ಗಾಳಿಗೆ ಹಾರುವ ಬಿಳಿ ಪರದೆಯ ಮೊರೆಹೋಗುವುದೇಕೆ ಎಂಬುದು ನನಗೆ ಅರ್ಥವಾಗದ ವಿಷಯ.

ಬರಿದಾದ ಮನೆಯನ್ನು ಶಾಸ್ತ್ರವೂ ಗುರುತಿಸಿದೆ. ಭರತನ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭಯಾನಕ ರಸಕ್ಕೆ ಕಾರಣವಾಗುವ ವಿಭಾವಗಳನ್ನು ಹೇಳುವಾಗ ವಿಕೃತ ಧ್ವನಿ, ನರಿ ಮತ್ತು ಗೂಬೆ, ಅರಣ್ಯ, ತನ್ನವರ ವಧೆ ಇವುಗಳ ಸಾಲಿನಲ್ಲೇ ‘ಶೂನ್ಯಾಗಾರ’ ಎಂಬ ಮಾತು ಬರುತ್ತದೆ. ಶೂನ್ಯಾಗಾರವೆಂದರೆ ಯಾರೂ ಇಲ್ಲದ ಮನೆ, ಅಷ್ಟೇ, ದೆವ್ವವಿರುವ ಮನೆಯೆಂದಲ್ಲ. ಪಾಲಿನ ತಕರಾರಿನಲ್ಲಿ ಬೀಗ ಬಿದ್ದು ಇಪ್ಪತ್ತು ವರ್ಷ ನಿಂತ ಮನೆಗಳು ನಮ್ಮ ಹಳೆಯ ಬೀದಿಗಳಲ್ಲಿ ಇಂದಿಗೂ ಇವೆ, ಅವುಗಳ ಮುಂದೆ ಮಕ್ಕಳು ಸೈಕಲ್ಲಿನ ಬೆಲ್ ಬಾರಿಸಿಕೊಂಡು ಹೋಗುವುದನ್ನು ನೋಡಿದರೆ ಶಾಸ್ತ್ರಕಾರನ ಕಣ್ಣು ಎಷ್ಟು ಸೂಕ್ಷ್ಮವಾದದ್ದೆಂದು ತಿಳಿಯುತ್ತದೆ.

ಅದೇ ಶಾಸ್ತ್ರದ ಮೂವತ್ತಮೂರು ಸಂಚಾರಿ ಭಾವಗಳಲ್ಲಿ, ಅಂದರೆ ಬಂದುಹೋಗುವ ಭಾವಗಳಲ್ಲಿ, ‘ತ್ರಾಸ’ ಮತ್ತು ‘ಶಂಕೆ’ ಎಂಬೆರಡು ಬೇರೆಬೇರೆಯಾಗಿಯೇ ಇವೆ. ತ್ರಾಸಕ್ಕೆ ಮಿಂಚು, ಉಲ್ಕೆ, ಸಿಡಿಲು, ಮೋಡದ ಗರ್ಜನೆಗಳು ಕಾರಣ. ಅದು ಬಂದದ್ದೂ ಹೋದದ್ದೂ ಒಂದೇ ಕ್ಷಣದಲ್ಲಿ. ಶಂಕೆಯನ್ನು ಭರತ ಸಂದೇಹಾತ್ಮಕವೆಂದು ಕರೆಯುತ್ತಾನೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಂಕಲಿ ಮಠದ ಬಂಡೆಯೊಳಗಿನ ಕೋಣೆಗಳಿಗೆ ಇಳಿದಾಗ ದಾರಿ ತೋರಿಸುವವರು ಟಾರ್ಚ್ ಆರಿಸಿದರೆ ಈ ಎರಡರ ವ್ಯತ್ಯಾಸ ಚರ್ಮಕ್ಕೇ ಗೊತ್ತಾಗುತ್ತದೆ. ಬಾವಲಿ ಕಿವಿಯ ಪಕ್ಕ ಹಾದಾಗ ಕಿರುಚುವುದು ತ್ರಾಸ. ಅದಕ್ಕೂ ಮೊದಲು, ಅಷ್ಟು ಹೊತ್ತು ಹರಟುತ್ತಿದ್ದವರೆಲ್ಲ ಒಮ್ಮೆಲೇ ಸುಮ್ಮನಾಗಿ, ಪಕ್ಕದವರ ತೋಳನ್ನು ತಡವಿ ಅದು ಅವರದೇ ಎಂದು ಖಾತ್ರಿಮಾಡಿಕೊಳ್ಳುತ್ತಾರಲ್ಲ, ಅದು ಶಂಕೆ. ನಮ್ಮ ಹಿರಿಯರು ಕಾದಂಬರಿಯಲ್ಲಿ ಬಾವಲಿಗಾಗಿ ಕಾದಿದ್ದರು, ನರ್ಸ್ ಅವರಿಗೆ ಸಿಕ್ಕದ್ದು ಆ ತೋಳು.

ಇಂಗ್ಲಿಷಿನಲ್ಲಿ ಇದೇ ಅಂತರವನ್ನು ಗೆರೆ ಎಳೆದು ತೋರಿಸಿದವರು ಕಾದಂಬರಿಗಾರ್ತಿ ಆ್ಯನ್ ರ‍್ಯಾಡ್‌ಕ್ಲಿಫ್. ಅವರು ತೀರಿಕೊಂಡ ಮೂರು ವರ್ಷಗಳ ನಂತರ, 1826ರಲ್ಲಿ ಅಚ್ಚಾದ ಪ್ರಬಂಧವೊಂದರಲ್ಲಿ ಟೆರರ್ ಮತ್ತು ಹಾರರ್ ಪರಸ್ಪರ ವಿರುದ್ಧವಾದವು, ಮೊದಲನೆಯದು ಮನಸ್ಸನ್ನು ಹಿಗ್ಗಿಸಿ ಎಚ್ಚರಗೊಳಿಸುತ್ತದೆ, ಎರಡನೆಯದು ಅದನ್ನು ಕುಗ್ಗಿಸಿ ಹೆಪ್ಪುಗಟ್ಟಿಸುತ್ತದೆ ಎಂದಿದ್ದಾರೆ. ಮನೋವಿಶ್ಲೇಷಕ ಫ್ರಾಯ್ಡ್ 1919ರಲ್ಲಿ ಬರೆದ ಪ್ರಬಂಧ ಇನ್ನೊಂದು ದಾರಿ ಹಿಡಿಯುತ್ತದೆ: ಜರ್ಮನ್ ಭಾಷೆಯ ‘ಹೈಮ್ಲಿಷ್’ ಎಂಬ ಪದಕ್ಕೆ ಮನೆಯದು, ಪರಿಚಿತವಾದದ್ದು ಎಂಬ ಅರ್ಥವೂ, ಮುಚ್ಚಿಟ್ಟದ್ದು ಎಂಬ ಅರ್ಥವೂ ಇರುವುದನ್ನು ಹಿಡಿದು, ದಿಗಿಲು ಹುಟ್ಟಿಸುವುದು ಹೊರಗಿನ ಅಪರಿಚಿತವಲ್ಲ, ಒಮ್ಮೆ ಪರಿಚಿತವಾಗಿದ್ದು ಮುಚ್ಚಿಹೋಗಿದ್ದು ಮತ್ತೆ ಹೊರಬಂದದ್ದು ಎನ್ನುತ್ತಾನೆ. ‘ಸಂಸಾರ ಗುಟ್ಟು, ವ್ಯಾಧಿ ರಟ್ಟು’ ಎಂಬ ಗಾದೆಯಲ್ಲಿ ಬೆಳೆದ ನಮಗೆ ಮನೆಗೂ ಗುಟ್ಟಿಗೂ ಇರುವ ನಂಟನ್ನು ಜರ್ಮನ್ ನಿಘಂಟಿನಿಂದ ತಿಳಿಯಬೇಕಾದದ್ದೇನೂ ಇಲ್ಲ. ಒಳ್ಳೆಯ ದೆವ್ವದ ಮನೆಯ ಕಾದಂಬರಿಯಲ್ಲಿ ದೆವ್ವವೆಂಬುದು ಬಹುಪಾಲು ಆ ಮನೆತನವು ಗುಟ್ಟಾಗಿ ಉಳಿಸಿಕೊಂಡ ಒಂದು ಲೆಕ್ಕವೇ ಆಗಿರುತ್ತದೆ.

ಮನೋವೈಜ್ಞಾನಿಕ ಭಯಾನಕವೆಂದು ಕರೆಯುವ ಕಾದಂಬರಿಗಳು ಇನ್ನೂ ಒಂದು ಹೆಜ್ಜೆ ಒಳಗೆ ಹೋಗಿ, ಮನೆಯನ್ನು ಬಿಟ್ಟು ಮನೆಯ ಕಥೆ ಹೇಳುತ್ತಿರುವವರ ಮೇಲೆಯೇ ಸಂಶಯ ಬರುವಂತೆ ಮಾಡುತ್ತವೆ. ಶಂಕೆಗೆ ಭರತ ಹೇಳುವ ಕಾರಣಗಳು ಇಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತವೆ, ಏಕೆಂದರೆ ಅವು ಗೂಬೆ, ಕಾಡುಗಳಲ್ಲ. ಕಳವು, ರಾಜನಿಗೆ ಮಾಡಿದ ಅಪರಾಧ, ಪಾಪದ ಕೆಲಸ. ಅದರ ಲಕ್ಷಣಗಳು ಮತ್ತೆ ಮತ್ತೆ ತಿರುಗಿ ನೋಡುವುದು, ಬಾಯಿ ಒಣಗುವುದು, ನಾಲಿಗೆಯಿಂದ ತುಟಿ ಸವರಿಕೊಳ್ಳುವುದು. ಅಂದರೆ ಶಂಕೆ ತಾನೇ ಮಾಡಿದ್ದರಿಂದಲೂ ಹುಟ್ಟಬಹುದು. ಕೋಣೆಯಲ್ಲಿ ಯಾರೋ ಇದ್ದಾರೆಂದು ಹೇಳುವ ನಿರೂಪಕಿ ತಾನೇ ಏನನ್ನಾದರೂ ಮಾಡಿದ್ದಾಳೆಯೇ ಎಂಬ ಪ್ರಶ್ನೆ ಓದುಗನಲ್ಲಿ ಎದ್ದ ಗಳಿಗೆಯಿಂದ ಆ ಕೋಣೆಯೂ ಬೇರೆಯಾಗುತ್ತದೆ.

ಕೊನೆಗೆ ಉತ್ತರ ಬೇಕೇ ಬೇಡವೇ ಎಂಬುದರ ಮೇಲೆ ನಮ್ಮಲ್ಲಿ ಜೋರಾದ ಮಾತುಗಳೇ ಆದವು. ಈ ಜಗಳ ಹೊಸದಲ್ಲ. ಹೆನ್ರಿ ಜೇಮ್ಸ್ 1898ರಲ್ಲಿ ಪ್ರಕಟಿಸಿದ ‘ದಿ ಟರ್ನ್ ಆಫ್ ದಿ ಸ್ಕ್ರೂ’ ಎಂಬ ನೀಳ್ಗತೆಯಲ್ಲಿ ಇಬ್ಬರು ಮಕ್ಕಳನ್ನು ನೋಡಿಕೊಳ್ಳಲು ಬಂದ ಶಿಕ್ಷಕಿಗೆ ಕಾಣುವ ಆಕೃತಿಗಳು ನಿಜವೋ, ಅವಳ ಮನಸ್ಸಿನ ಸೃಷ್ಟಿಯೋ ಎಂಬುದನ್ನು ಕಥೆ ಬಿಡಿಸಿ ಹೇಳುವುದಿಲ್ಲ. 1934ರಲ್ಲಿ ವಿಮರ್ಶಕ ಎಡ್ಮಂಡ್ ವಿಲ್ಸನ್ ಅವು ಅವಳ ಭ್ರಮೆಯೆಂದು ವಾದಿಸಿದ ಮೇಲೆ ಎದ್ದ ಚರ್ಚೆ ಇನ್ನೂ ಆರಿಲ್ಲ. ಬಿಡಿಸದಿರುವುದೇ ಸರಿ ಎಂಬ ಪಕ್ಷದವನು ನಾನು. ಆದರೂ ಬ್ಯಾಂಕಿನ ಹಿರಿಯರ ದೂರಿನಲ್ಲಿ ಹುರುಳಿದೆ ಎಂದು ಒಪ್ಪಬೇಕು. ಏನು ನಡೆಯಿತೆಂದು ತನಗೇ ಗೊತ್ತಿಲ್ಲದ ಲೇಖಕ ಅದನ್ನು ನಿಗೂಢವೆಂದು ಮಾರುವುದುಂಟು, ಅಂಥ ಎರಡು ಪುಸ್ತಕಗಳನ್ನು ನಾವು ಆ ಮಳೆಗಾಲದಲ್ಲೇ ಓದಿದೆವು. ಚಪ್ಪಡಿಯ ಮೇಲೆ ಸಪ್ಪಳ ಬೇರೆ ಬರಬೇಕಾದರೆ ಕೆಳಗೆ ಹಗೇವು ಇರಲೇಬೇಕು. ಅದನ್ನು ತೆಗೆದು ತೋರಿಸುವುದೂ ಬಿಡುವುದೂ ಬೇರೆ ವಿಷಯ. ಇದಕ್ಕೆ ತದ್ವಿರುದ್ಧವಾದ ತಪ್ಪೆಂದರೆ ಕೊನೆಯ ಇಪ್ಪತ್ತು ಪುಟಗಳಲ್ಲಿ ಒಬ್ಬ ಡಾಕ್ಟರನ್ನೋ ಪೊಲೀಸನನ್ನೋ ಕರೆತಂದು ಎಲ್ಲಕ್ಕೂ ಲೆಕ್ಕ ಒಪ್ಪಿಸುವುದು, ಅದನ್ನು ನಮ್ಮಲ್ಲಿ ಯಾರೂ ಮೆಚ್ಚಲಿಲ್ಲ, ಹಿರಿಯರೂ ಸೇರಿ.

ಪದದ ಮಾತು ಇನ್ನೊಂದು ಉಳಿದಿದೆ. ದಿಗಿಲು ತೆಲುಗಿನಲ್ಲಿ ‘ದಿಗುಲು’ ಆಗಿ ಉಂಟು, ಆದರೆ ಅಲ್ಲಿ ಅದು ಇಂದು ಚಿಂತೆಗೂ ದುಃಖಕ್ಕೂ ಹತ್ತಿರದ ಮಾತು. ಚಳ್ಳಕೆರೆ, ಮೊಳಕಾಲ್ಮುರು ಕಡೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವವರು ಬಹಳ ಮಂದಿ. ನಮ್ಮ ಗುಂಪಿನಲ್ಲೂ ಚಳ್ಳಕೆರೆಯ ಮೇಷ್ಟರೊಬ್ಬರಿದ್ದಾರೆ. ಒಂಟಿ ಮುದುಕಿಯೊಬ್ಬಳು ಸತ್ತ ಮನೆಗೆ ಬಾಡಿಗೆಗೆ ಬಂದ ಸಂಸಾರದ ಕಥೆಯನ್ನು ಓದಿದ ತಿಂಗಳು, ಎಲ್ಲರೂ ಅಡುಗೆಮನೆಯಲ್ಲಿ ತಾನಾಗಿ ಸರಿಯುವ ಮಣೆಯ ಬಗ್ಗೆ ಮಾತಾಡಿ ಮುಗಿಸಿದ ಮೇಲೆ, ಅವರು ತಮಗೂ ದಿಗಿಲಾಯಿತೆಂದರು. ಯಾವ ಪುಟದಲ್ಲಿ ಎಂದು ನರ್ಸ್ ಕೇಳಿದರು. “ಪುಟದಾಗಲ್ಲ ಮೇಡಂ, ಮುಗಿಸಿದ ಮ್ಯಾಲೆ. ಅಷ್ಟು ದಿನ ಮಣೆ ಹಾಕ್ಕೊಂಡು ಕಾದ್ಲಲ್ಲ, ಊಟಕ್ಕೆ ಯಾರೂ ಬರ್ಲೇ ಇಲ್ಲ ಆಕೀಗೆ.”