ರಿಫರ್ಬಿಶ್ಡ್ ಚೈನ್‌ಸಾ: ಕೆಟ್ಟಾಗ ಬಿಚ್ಚುವವರು ಯಾರು?

ಏಪ್ರಿಲ್ ಮುಗಿಯುತ್ತಾ ಬಂದಂತೆ ಉಡುಪಿಯ ನಮ್ಮ ವರ್ಕ್‌ಶಾಪಿಗೆ ಈ ಫೋನು ಶುರುವಾಗುತ್ತದೆ: "ಮಾರಾಯ್ರೇ, ರಿಫರ್ಬಿಶ್ಡ್ ಚೈನ್‌ಸಾ ಒಂದು ಅರ್ಧ ರೇಟಿಗೆ ಸಿಗ್ತದೆ. ಆರು ತಿಂಗಳು ವಾರಂಟಿ ಕೂಡ ಉಂಟಂತೆ. ತಗೊಳ್ಳಬಹುದಾ?" ಗಾಳಿಮಳೆಗೆ ಅಕೇಶಿಯಾವೋ ಹಲಸೋ ಬಿದ್ದು ದಾರಿ ಕಟ್ಟುವ ಮೊದಲು ಮನೆಯಲ್ಲೊಂದು ಮೆಷಿನ್ ಇರಲಿ ಅನ್ನಿಸುವುದು ಸಹಜ. ಒಳ್ಳೆಯ ಕಂಪನಿಯ ಹೊಸ ಮೆಷಿನ್ ಸಣ್ಣ ತೋಟದವರಿಗೆ ಭಾರವಾಗುವುದೂ ನಿಜ. ನಾನು ತಿರುಗಿ ಕೇಳುವುದು ಎರಡು ಮಾತು. ವಾರಂಟಿ ಕೊಡುವವರು ಯಾರು? ಕೆಟ್ಟರೆ ಬಿಚ್ಚುವವರು ಯಾರು, ಯಾವ ಊರಲ್ಲಿ? ಮೊದಲನೆಯದಕ್ಕೆ ಹೆಚ್ಚಿನವರು ತಕ್ಷಣ ಉತ್ತರ ಕೊಡುತ್ತಾರೆ. ಎರಡನೆಯದಕ್ಕೆ ಫೋನಿನ ಆಚೆ ಮೌನ.

ರಿಫರ್ಬಿಶ್ಡ್ ಎಂಬ ಹೆಸರಿನಲ್ಲಿ ಬಗೆಬಗೆಯ ಮಾಲು ಬರುತ್ತದೆ. ಗಿರಾಕಿ ವಾಪಸು ಕೊಟ್ಟದ್ದನ್ನೋ ಡೆಮೋಗೆ ಓಡಿಸಿದ್ದನ್ನೋ ಕಂಪನಿಯೇ ಪರೀಕ್ಷಿಸಿ ಮಾರಿದರೆ ವಾರಂಟಿಯೂ ಕಂಪನಿಯದ್ದು, ರಿಪೇರಿಯೂ ಅವರ ಸರ್ವಿಸ್ ಸೆಂಟರಿನಲ್ಲೇ. ನಮ್ಮ ಕಡೆ ಇಂಥದ್ದು ಅಪರೂಪ. ಹೆಚ್ಚಾಗಿ ಬರುವುದು ವ್ಯಾಪಾರಿಗಳು ಹಳೇ ಮೆಷಿನ್‌ಗಳನ್ನು ಲಾಟ್‌ನಲ್ಲಿ ಕೊಂಡು, ಸರಿಮಾಡಿಸಿ, ಬಣ್ಣ ಹೊಡೆದು ಮಾರುವಂಥದ್ದು. ಅಲ್ಲಿ ವಾರಂಟಿ ಆ ವ್ಯಾಪಾರಿಯದ್ದು ಮಾತ್ರ. ಇನ್ನು ಊರಿನ ಮೆಕ್ಯಾನಿಕ್ ತಾನೇ ಬಿಚ್ಚಿ ಕಟ್ಟಿ ಮಾರುವುದೂ ಉಂಟು. ಅವನ ವಾರಂಟಿ ಬಾಯಿಮಾತಿನದ್ದಾದರೂ ದೂರದ ವ್ಯಾಪಾರಿಯ ಮುದ್ರಿತ ಕಾರ್ಡಿಗಿಂತ ನಾನು ಅದನ್ನೇ ಹೆಚ್ಚು ನಂಬುತ್ತೇನೆ. ಕೆಲಸ ಮಾಡಿದ ಕೈಯೇ ನಾಳೆ ಗಿರಾಕಿಯ ಎದುರು ನಿಲ್ಲಬೇಕಲ್ಲ.

"ಕಂಪನಿಯ ಹೆಸರು ಮೆಷಿನ್ ಮೇಲೆಯೇ ಉಂಟಲ್ಲ, ಇಲ್ಲಿನ ಡೀಲರ್ ಮಾಡಿಕೊಡಬೇಕಲ್ವಾ?" ಎಂದು ಕೇಳುವವರಿಗೆ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂದು ಹೇಳಬೇಕು. ವಾರಂಟಿಯಲ್ಲಿ ರಿಪೇರಿ ಮಾಡಿದ ಡೀಲರ್ ಅದರ ಖರ್ಚನ್ನು ಕಂಪನಿಯಿಂದ ಕ್ಲೇಮ್ ಮಾಡಿ ಪಡೆಯುತ್ತಾನೆ. ಅದಕ್ಕೆ ಸೀರಿಯಲ್ ನಂಬರ್, ಮೊದಲ ಮಾರಾಟದ ದಿನಾಂಕ, ಬಿಲ್ಲು ಬೇಕು. ಕೆಲವೊಮ್ಮೆ ಬಿಚ್ಚಿದ ಪಾರ್ಟನ್ನೂ ಕಳಿಸಬೇಕಾಗುತ್ತದೆ. ಕಂಪನಿಯ ವಾರಂಟಿ ಸಾಮಾನ್ಯವಾಗಿ ಮೊದಲ ಸಲ ಕೊಂಡವರಿಗೆ, ಮೊದಲ ಮಾರಾಟದ ದಿನದಿಂದ ಲೆಕ್ಕ. ಹಾಗಾಗಿ ಎರಡನೇ ಕೈಗೆ ಬಂದ ಮೆಷಿನ್‌ಗೆ ಕ್ಲೇಮ್ ಹಾಕಿದರೆ ದುಡ್ಡು ಬರುವುದಿಲ್ಲ. ಡೀಲರ್ ಆಗುವುದಿಲ್ಲ ಎಂದರೆ ಅವನ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ. ಕೊಳ್ಳುವ ಮೊದಲೇ ಬಾಡಿಯ ಮೇಲಿನ ಸೀರಿಯಲ್ ನಂಬರಿನ ಫೋಟೋ ತರಿಸಿ ಡೀಲರ್‌ಗೆ ತೋರಿಸಿ. ಸ್ಟಿಲ್ ಕಂಪನಿಯ ಕಿತ್ತಳೆ-ಬಿಳಿ ಬಣ್ಣದ ನಕಲಿ ಮೆಷಿನ್‌ಗಳೂ ಮಾರುಕಟ್ಟೆಯಲ್ಲಿವೆ. ನಂಬರ್ ಉಜ್ಜಿಹಾಕಿದ್ದರೆ, ಬರೀ ಸ್ಟಿಕ್ಕರ್ ಇದ್ದರೆ, ಆ ಮಾತು ಅಲ್ಲಿಗೇ ಬಿಡಿ.

ಹೆಬ್ರಿ ಕಡೆಯ ಕೃಷಿಕರೊಬ್ಬರು ಹೊರರಾಜ್ಯದ ವ್ಯಾಪಾರಿಯಿಂದ ಆನ್‌ಲೈನಿನಲ್ಲಿ ತರಿಸಿದ ಮೆಷಿನ್ ಕೆಲವೇ ವಾರಗಳಲ್ಲಿ ಓಡುತ್ತಾ ಓಡುತ್ತಾ ಹಿಡಿದು ನಿಂತಿತು, ಅಂದರೆ ಪಿಸ್ಟನ್ ಒಳಗೇ ಕಚ್ಚಿಕೊಂಡಿತು. ವ್ಯಾಪಾರಿ ಡೀಲರ್ ಕಡೆ ಕೈ ತೋರಿಸಿದ, ಡೀಲರ್ ವ್ಯಾಪಾರಿ ಕಡೆ. ಕೊನೆಗೆ ವ್ಯಾಪಾರಿ "ಕಳಿಸಿಕೊಡಿ, ನೋಡುತ್ತೇವೆ" ಎಂದನಂತೆ. ಪೆಟ್ರೋಲ್ ಇದ್ದ ಮೆಷಿನ್ನನ್ನು ಕೊರಿಯರಿನವರು ಮುಟ್ಟುವುದಿಲ್ಲ. ಟ್ಯಾಂಕ್ ಖಾಲಿ ಮಾಡಿ, ಒಣಗಿಸಿ, ಹೋಗಿಬರುವ ಬಾಡಿಗೆ ತಾವೇ ಕೊಟ್ಟು ಕಳಿಸಿದರು. "ಪೆಟ್ರೋಲಿಗೆ ಆಯಿಲ್ ಹಾಕದೆ ಓಡಿಸಿದ್ದೀರಿ, ವಾರಂಟಿ ಇಲ್ಲ" ಎಂಬ ಚೀಟಿಯೊಂದಿಗೆ ಮೆಷಿನ್ ವಾಪಸು ಬಂತು. ಅಷ್ಟರಲ್ಲಿ ಮಳೆ ಹಿಡಿದಿತ್ತು.

ಈ ಜಗಳ ಎಲ್ಲಿ ಹುಟ್ಟುತ್ತದೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸೈಲೆನ್ಸರಿನ ಬೋಲ್ಟ್ ಬಿಚ್ಚಿ, ಒಳಗಿನ ಕಿಂಡಿಗೆ ಟಾರ್ಚ್ ಹಾಕಿ, ಸ್ಟಾರ್ಟರ್ ಹಗ್ಗವನ್ನು ಮೆಲ್ಲಗೆ ಎಳೆದರೆ ಪಿಸ್ಟನ್ ಮೇಲೆ ಕೆಳಗೆ ಹೋಗುವುದು ಕಾಣುತ್ತದೆ. ಆರೋಗ್ಯದ ಪಿಸ್ಟನ್ ನುಣುಪಾಗಿರುತ್ತದೆ. ಹಿಡಿದದ್ದರ ಮೈತುಂಬ ಉದ್ದುದ್ದ ಗೀರು, ಅಲ್ಲಲ್ಲಿ ಕರಗಿ ಮೆತ್ತಿದ ಅಲ್ಯೂಮಿನಿಯಂ. ಟೂ-ಸ್ಟ್ರೋಕ್ ಎಂಜಿನ್‌ಗೆ ಪೆಟ್ರೋಲಿನಲ್ಲಿ ಬೆರೆತ ಆಯಿಲೇ ಆಧಾರ. ಒಳ್ಳೆಯ ಟೂ-ಟಿ ಆಯಿಲ್ ಆದರೆ ಸಾಮಾನ್ಯವಾಗಿ 1:50, ಅಂದರೆ ಲೀಟರಿಗೆ 20 ಮಿಲಿ. ಡಬ್ಬದ ಮೇಲೆ 1:25 ಎಂದಿದ್ದರೆ 40 ಮಿಲಿ. ಆಯಿಲ್ ಇಲ್ಲದಿದ್ದರೆ ಪಿಸ್ಟನ್ ಹಿಡಿಯುತ್ತದೆ, ಇದರಲ್ಲಿ ತಕರಾರಿಲ್ಲ. ಆದರೆ ಇದೇ ಗೀರು ಇನ್ನೊಂದು ಕಾರಣಕ್ಕೂ ಬರುತ್ತದೆ. ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಎರಡೂ ಬದಿಯ ಆಯಿಲ್ ಸೀಲ್, ಅಂದರೆ ಗಾಳಿ ತಡೆಯುವ ರಬ್ಬರ್ ಬಳೆ, ಗಟ್ಟಿಯಾಗಿ ಗಾಳಿ ಎಳೆದರೆ ಪೆಟ್ರೋಲ್ ಕಡಿಮೆಯಾಗಿ ಗಾಳಿ ಜಾಸ್ತಿಯಾಗುತ್ತದೆ. ಎಂಜಿನ್ ಕಾದು ಹಿಡಿಯುತ್ತದೆ. ಮೊದಲನೆಯದು ಓಡಿಸಿದವರ ತಪ್ಪು. ಎರಡನೆಯದು ಹಳೇ ಸೀಲ್ ಬಿಟ್ಟು ಬಣ್ಣ ಹೊಡೆದವರದ್ದು.

ಎರಡನ್ನೂ ಬೇರೆ ಮಾಡಿ ನೋಡಲು ದಾರಿ ಇದೆ. ಆಯಿಲ್ ಹಾಕಿದ ಎಂಜಿನ್ನಿನ ಕ್ರ್ಯಾಂಕ್‌ಕೇಸ್ ಒಳಗೆ ಬೆರಳಿಟ್ಟರೆ ಜಿಡ್ಡು ಹತ್ತುತ್ತದೆ, ಬರೀ ಪೆಟ್ರೋಲಿನಲ್ಲಿ ಓಡಿದ್ದು ಒಣಗಿರುತ್ತದೆ. ಆಮೇಲೆ ಪ್ರೆಶರ್ ಟೆಸ್ಟ್: ಕಾರ್ಬುರೇಟರ್ ಬಾಯಿ, ಸೈಲೆನ್ಸರ್ ಬಾಯಿ ಎರಡನ್ನೂ ಮುಚ್ಚಿ ಕೈಪಂಪಿನಲ್ಲಿ ಗಾಳಿ ತುಂಬಿ ಮೀಟರಿನ ಮುಳ್ಳು ನೋಡುವುದು, ಮತ್ತೆ ಗಾಳಿ ಎಳೆದೂ ನೋಡುವುದು. ಮುಳ್ಳು ಇಳಿದರೆ ಎಲ್ಲೋ ಸೋರಿಕೆ. ಹೆಬ್ರಿಯವರ ಮೆಷಿನ್ ಒಳಗೆ ಜಿಡ್ಡು ಚೆನ್ನಾಗಿಯೇ ಇತ್ತು, ಕ್ಲಚ್ ಬದಿಯ ಸೀಲ್ ಸೋರುತ್ತಿತ್ತು. ಆದರೆ ಅವರು ಟ್ಯಾಂಕಿನ ಪೆಟ್ರೋಲ್ ಚೆಲ್ಲಿಬಿಟ್ಟಿದ್ದರು. ಒಂದು ಬಾಟಲಿಯಲ್ಲಿ ಸ್ವಲ್ಪ ತೆಗೆದಿಟ್ಟಿದ್ದರೆ ಮಾತಿಗೆ ಬಲ ಬರುತ್ತಿತ್ತು.

ಹಾಗಾಗಿ ಮಾರುವವರ ಹತ್ತಿರ ಕೇಳಬೇಕಾದ್ದು ಇದು: ಸೀಲ್ ಬದಲಿಸಿದ್ದೀರಾ, ಪ್ರೆಶರ್ ಟೆಸ್ಟ್ ಮಾಡಿದ್ದೀರಾ, ಏನೇನು ಹೊಸದು ಹಾಕಿದ್ದೀರಿ, ಬಿಲ್ಲಿನಲ್ಲಿ ಬರೆದು ಕೊಡುತ್ತೀರಾ? ರಿಪೇರಿ ಎಲ್ಲಿ, ಸಾಗಾಟದ ಖರ್ಚು ಯಾರದ್ದು ಎನ್ನುವುದೂ ಅದರಲ್ಲೇ ಬರಲಿ. ಚೈನ್, ಬಾರ್ (ಚೈನ್ ಸುತ್ತುವ ಪಟ್ಟಿ), ಸ್ಪ್ರಾಕೆಟ್ (ಚೈನ್ ತಿರುಗಿಸುವ ಹಲ್ಲಿನ ಚಕ್ರ), ಪ್ಲಗ್, ಫಿಲ್ಟರ್, ಸ್ಟಾರ್ಟರ್ ಹಗ್ಗ ಸವೆಯುವ ವಸ್ತುಗಳು. ಅವು ಹೊಸ ಮೆಷಿನ್ನಿನಲ್ಲೂ ಸಾಮಾನ್ಯವಾಗಿ ವಾರಂಟಿಗೆ ಬರುವುದಿಲ್ಲ. ಹಳೇ ಪೆಟ್ರೋಲಿನಿಂದ ಕಾರ್ಬುರೇಟರ್ ಕಟ್ಟಿದರೂ ಅಷ್ಟೇ. ಈಗಿನ ಪೆಟ್ರೋಲಿನಲ್ಲಿ 20 ಶೇಕಡಾದಷ್ಟು ಎಥನಾಲ್ ಇರುತ್ತದೆ, ಅದು ನೀರಿನಂಶ ಎಳೆಯುತ್ತದೆ. ನಮ್ಮ ಕರಾವಳಿಯ ತೇವದಲ್ಲಿ ಬೆರಕೆ ಪೆಟ್ರೋಲನ್ನು ತಿಂಗಳುಗಟ್ಟಲೆ ಕ್ಯಾನಿನಲ್ಲಿಡಬೇಡಿ.

ಚೀನಾ ಮಾದರಿಯ 58 ಸಿಸಿ ಮೆಷಿನ್ ಆದರೆ ರಿಫರ್ಬಿಶ್ಡ್ ಕೊಳ್ಳಲೇಬೇಡಿ ಎನ್ನುತ್ತೇನೆ. ಹೊಸದೇ ಅಗ್ಗ, ಪಾರ್ಟು ಎಲ್ಲ ಕಡೆ ಸಿಗುತ್ತದೆ. ಯಾವುದೇ ಮೆಷಿನ್ ಇರಲಿ, ಚೈನ್ ಬ್ರೇಕ್ ಒಂದನ್ನು ಮಾತ್ರ ಕಣ್ಣಾರೆ ನೋಡದೆ ದುಡ್ಡು ಕೊಡಬೇಡಿ: ಓಡುತ್ತಿರುವಾಗ ಮುಂದಿನ ಗಾರ್ಡ್ ದೂಡಿದರೆ ಚೈನ್ ತಕ್ಷಣ ನಿಲ್ಲಬೇಕು. ಬಾರಿನ ತುದಿ ಮರಕ್ಕೆ ತಾಗಿ ಮೆಷಿನ್ ಮುಖದತ್ತ ಹಾರಿದಾಗ ಕಾಯುವುದು ಅದೇ. ಅಲ್ಲಿ ವಾರಂಟಿ ಉಪಯೋಗಕ್ಕೆ ಬರುವುದಿಲ್ಲ.

ಬರೆದುಕೊಟ್ಟೂ ವ್ಯಾಪಾರಿ ಕೈಕೊಟ್ಟರೆ 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ವ್ಯಾಪಾರಿ ಎಲ್ಲಿದ್ದರೂ ಸರಿ. ಎರಡು ವರ್ಷದ ಒಳಗೆ ಕೊಡಬೇಕು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ. ಕೂಲಿಗೆ ಮರ ಕೊಯ್ಯುವವರು "ನಮ್ಮದು ವ್ಯವಹಾರ, ನಮಗೆ ಇದು ಆಗಲಿಕ್ಕಿಲ್ಲ" ಎಂದು ಹಿಂಜರಿಯುತ್ತಾರೆ. ಹೊಟ್ಟೆಪಾಡಿಗಾಗಿ ಸ್ವಂತ ಉದ್ಯೋಗಕ್ಕೇ ಕೊಂಡದ್ದಾದರೆ ಅವರೂ ಗ್ರಾಹಕರೇ, ಕಾಯ್ದೆಯಲ್ಲೇ ಹಾಗಿದೆ.

ಬೇರೆಯವರ ವಾರಂಟಿ ಮುಗಿಯದ ಮೆಷಿನ್ ನಮ್ಮಲ್ಲಿಗೆ ಬಂದರೆ ನಾನು ಸ್ಕ್ರೂ ಮುಟ್ಟುವುದಿಲ್ಲ. ಬಿಚ್ಚಿದ್ದೇ ನೆಪವಾಗಿ ವಾರಂಟಿ ಹೋಗುತ್ತದೆ. ಮಾರಿದವರು "ಅಲ್ಲೇ ಮಾಡಿಸಿ, ಖರ್ಚು ನಾವು ಕೊಡುತ್ತೇವೆ" ಎಂದು ವಾಟ್ಸ್ಯಾಪಿನಲ್ಲಾದರೂ ಬರೆದು ಕಳಿಸಬೇಕು. ಕಳಿಸಿದರೆ ಬಿಚ್ಚುತ್ತೇನೆ, ಫೋಟೋ ತೆಗೆಯುತ್ತೇನೆ, ಹಳೇ ಪಾರ್ಟನ್ನು ಕವರಿನಲ್ಲಿ ಹಾಕಿ ಬಿಲ್ಲಿನ ಜೊತೆ ಕೊಡುತ್ತೇನೆ.